ಇಟಲಿಯಲ್ಲಿ ನಮ್ಮ ಮಾವ ದ್ರಾಕ್ಷಿ ತುಳಿದದ್ದು

ನಾನು ಇಟಲಿಗೆ ಹೋಗಿ ಬಂದವನು ಅಂತ ಗೊತ್ತಾದ ಕೂಡಲೇ ಮಧುಗಿರಿ ಪೇಟೆಯ ಜನ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಏನು ತಿಂದಿರಿ? ಅಲ್ಲಿ ಕುಡಿದಿರಾ? ಮೊದಲನೆಯದನ್ನು ಗಟ್ಟಿಯಾಗಿ ಕೇಳುತ್ತಾರೆ, ಎರಡನೆಯದನ್ನು ಅಂಗಡಿ ಹಲಗೆಯ ಮೇಲೆ ಬಗ್ಗಿ ಕಿವಿಯಲ್ಲಿ ಕೇಳುತ್ತಾರೆ. ಅಲ್ಲಿನ ಅರಮನೆ, ಸೇತುವೆ, ಶಿಲ್ಪ ಇವುಗಳ ವಿಚಾರ ಇದುವರೆಗೆ ಯಾರೂ ಎತ್ತಿಲ್ಲ. ಒಳ್ಳೆಯದೇ ಆಯಿತು, ನಾನು ಅವು ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ಬೆಟ್ಟ, ಅದರ ಮೇಲೆ ದ್ರಾಕ್ಷಾರಸ ಮಾಡುವ ಒಬ್ಬ ಸಣ್ಣ ರೈತ, ಅವನ ತೊಟ್ಟಿಯೊಳಗೆ ಪಂಚೆ ಎತ್ತಿ ಕಟ್ಟಿ ನಿಂತ ನನ್ನ ಸೋದರಮಾವ. ಅಷ್ಟು ನೋಡುವುದರಲ್ಲೇ ಇಟಲಿ ಮುಗಿದುಹೋಯಿತು.

ಹಡಗು

ಮಾವ ರುದ್ರಪ್ಪನವರದು ಮಧುಗಿರಿಯಲ್ಲಿ ಹುಣಸೆಹಣ್ಣಿನ ಮಂಡಿ. ಕೊರಟಗೆರೆ, ಪಾವಗಡ, ಬುಕ್ಕಾಪಟ್ಟಣದ ಕಡೆಯ ಹುಣಸೆಯೆಲ್ಲ ಗಾಡಿ ಮೇಲೆ ಬಂದು ಅವರ ಮಂಡಿಗೆ ಬೀಳುತ್ತಿತ್ತು. ಒಂದು ಸಲ ಬೊಂಬಾಯಿಯ ದಲ್ಲಾಳಿಯೊಬ್ಬ ಬಂದವನು, ಇಟಲಿ ದೇಶದಲ್ಲಿ ಹುಣಸೆಹಣ್ಣಿನ ಪಾನಕ ಮಾಡಿ ಸೀಸೆಗೆ ತುಂಬಿ ಮಾರುತ್ತಾರೆ, ಬೇಸಗೆಯಲ್ಲಿ ದೊರೆ ಮಕ್ಕಳೂ ಅದನ್ನೇ ಕುಡಿಯುತ್ತಾರೆ ಅಂತ ಹೇಳಿಬಿಟ್ಟ. ಮಾವನಿಗೆ ಅವತ್ತಿನಿಂದ ನಿದ್ದೆ ಇಲ್ಲ.

"ಹುಣ್ಸೆ ಪಾನಕ ಕುಡಿಯೋ ಜನ ಅಂದ್ಮ್ಯಾಕೆ ಒಳ್ಳೆ ಜನಾನೇ ಇರ್ಬೇಕು ಕಣ್ಲಾ ನಂಜಾ. ನಮ್ಮ ಹಣ್ಣು ತೋರಿಸ್ಬುಟ್ಟು ಬರಾನ ನಡಿ," ಅಂದರು.

ನನ್ನನ್ನು ಕರೆದುಕೊಂಡು ಹೋದದ್ದು ನಾನು ತುಮಕೂರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿತವನು ಅಂತ. ಇಟಲಿಯವರು ಇಂಗ್ಲಿಷ್ ಮಾತಾಡುವುದಿಲ್ಲ ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದ್ದರೆ ಪ್ರಯಾಣ ತಪ್ಪುತ್ತಿತ್ತಲ್ಲ!

ಮಾವ ಲಿಂಗವಂತರು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆಚಾರವಂತರು. ಹೆಂಡದ ಅಂಗಡಿ ಇರುವ ಬೀದಿಯಲ್ಲಿ ಸಹ ನಡೆಯದವರು. ಒಂದು ಟ್ರಂಕಿನ ತುಂಬ ರಾಗಿ ಹಿಟ್ಟು, ಚಟ್ನಿಪುಡಿ, ವಿಭೂತಿ ಗಟ್ಟಿ, ಇನ್ನೊಂದು ಕುಕ್ಕೆಯ ತುಂಬ ಮಾದರಿ ಹುಣಸೆಹಣ್ಣು ಹೇರಿಕೊಂಡು ಹಡಗು ಹತ್ತಿದರು. ಹಡಗು ಅಲ್ಲಾಡಲು ಶುರುವಾದ ದಿನ ನಾನು ಮಲಗಿದವನು ಏಳಲಿಲ್ಲ. ಮಾವ ಹುಣಸೆಹಣ್ಣಿನ ಒಂದು ಉಂಡೆಗೆ ಉಪ್ಪು ಸವರಿ ನನ್ನ ಬಾಯಿಗಿಟ್ಟರು, ವಾಂತಿ ನಿಂತಿತು. ಸುದ್ದಿ ಹಬ್ಬಿತು. ಮಾರನೆಯ ದಿನ ಹಡಗಿನ ಅಟ್ಟದ ಮೇಲೆ ಬಿಳಿ ದೊರೆಸಾನಿಯರೆಲ್ಲ ಸಾಲಾಗಿ ಕೂತು, ಮುಖ ಕಿವುಚಿಕೊಂಡು, ನಮ್ಮ ಪಾವಗಡದ ಹುಣಸೆಹಣ್ಣು ಚೀಪುತ್ತಿದ್ದರು. ಮಾವ ಅವರ ಮುಂದೆ ಮದುವೆ ಮನೆ ಯಜಮಾನರ ಹಾಗೆ ಓಡಾಡುತ್ತಿದ್ದರು.

ಜಿನೋವಾ

ಬಂದರಿನ ಸುಂಕದ ಅಧಿಕಾರಿ ನಮ್ಮ ಟ್ರಂಕು ತೆಗೆಸಿದ. ಅವನಿಗೆ ಹುಣಸೆಹಣ್ಣಿನ ಗುರುತು ಸಿಕ್ಕಿತು, ನಕ್ಕ. ಸಿಗದೆ ಹೋದದ್ದು ವಿಭೂತಿಯ ಗುರುತು. ಬೆಳ್ಳಗಿನ ಗಟ್ಟಿಯನ್ನು ಎತ್ತಿ ಮೂಸಿ, ನಾಲಿಗೆಯ ತುದಿಯಲ್ಲಿ ನೆಕ್ಕಿಯೇಬಿಟ್ಟ.

"ಅಯ್ಯಯ್ಯೋ, ತಿನ್ಬಾರ್ದು ಸ್ವಾಮಿ! ಅದು ಹಣೆಗೆ!" ಅಂದವರೇ ಮಾವ ಗಟ್ಟಿಯನ್ನು ಕಿತ್ತುಕೊಂಡು, ಮೂರು ಬೆರಳಿನಲ್ಲಿ ಅಧಿಕಾರಿಯ ಹಣೆಗೆ ಎಳೆದುಬಿಟ್ಟರು. ನಾನು ಜೈಲು ಖಂಡಿತ ಅಂದುಕೊಂಡೆ. ಅವನು ಟೋಪಿ ಸರಿಮಾಡಿಕೊಂಡು, ನಮ್ಮನ್ನು ಹೋಗಲು ಬಿಟ್ಟು, ಮೂರು ಪಟ್ಟೆಯ ಹಣೆಯಲ್ಲೇ ಮುಂದಿನವರ ಪೆಟ್ಟಿಗೆ ನೋಡಲು ಹೋದ.

ಪಾನಕದ ಕಾರ್ಖಾನೆಗೆ ಬೀಗ ಹಾಕಿತ್ತು. ಬಾಗಿಲಲ್ಲಿ ಕೂತಿದ್ದ ಗುಮಾಸ್ತ ಕೈಸನ್ನೆಯಲ್ಲಿ ತಿಳಿಸಿದ್ದು ಇಷ್ಟು: ಇದು ದ್ರಾಕ್ಷಿ ಕೊಯ್ಲಿನ ಕಾಲ, ಯಜಮಾನರು ಅವರ ತೋಟಕ್ಕೆ ಹೋಗಿದ್ದಾರೆ, ಕೊಯ್ಲು ಮುಗಿಯುವ ತನಕ ಬರುವುದಿಲ್ಲ. ನಮ್ಮ ಮುಖ ನೋಡಿ ಅವನಿಗೆ ಪಾಪ ಅನ್ನಿಸಿತೋ ಏನೋ, ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ತನ್ನ ದೊಡ್ಡಪ್ಪನ ಮಗ ಇದ್ದಾನೆ, ಅವನ ಮನೆಯಲ್ಲಿ ಇರಿ ಅಂತ ನಮ್ಮನ್ನು ರೈಲು ಹತ್ತಿಸಿದ. ಗುರುತು ಪರಿಚಯ ಇಲ್ಲದ ಇಬ್ಬರು ಪಂಚೆಯವರನ್ನು ಅಣ್ಣನ ಮನೆಗೆ ಕಳಿಸುವವರು ನಮ್ಮ ಕಡೆಯಲ್ಲೂ ಕಡಿಮೆ. ನಾವಾದರೆ ನೆಂಟರನ್ನೇ ಛತ್ರಕ್ಕೆ ಕಳಿಸುತ್ತೇವೆ.

ಪುಟ್ಟ ಮಿಡಿಗೇಶಿ

ಆ ಊರಿನ ಹೆಸರು ಮಾವನ ಬಾಯಿಗೆ ಸಿಗಲಿಲ್ಲ. ಬೆಟ್ಟ, ಮೇಲೊಂದು ಪಾಳು ಕೋಟೆ, ಕೆಳಗೆ ಕಲ್ಲಿನ ಮನೆಗಳು, ನಮ್ಮ ಮಧುಗಿರಿ ಕಡೆಯ ಮಿಡಿಗೇಶಿಯ ಹಾಗೇ ಇದ್ದುದರಿಂದ ಅವರು ಅದಕ್ಕೆ ಪುಟ್ಟ ಮಿಡಿಗೇಶಿ ಅಂತ ಹೆಸರಿಟ್ಟರು. ಮನೆಯವನ ಹೆಸರು ಪಿಯೆತ್ರೊ. ಅವನನ್ನು ಮಾವ ಪೇತ್ರಪ್ಪ ಮಾಡಿದರು. ಅವನೂ ಮಾವನನ್ನು ರುದ್ರಾಪಾ ಅಂತ ಎಳೆದು ಕರೆದು ಲೆಕ್ಕ ಸರಿಮಾಡಿದ.

ಪೇತ್ರಪ್ಪನಿಗೆ ನಡುವಯಸ್ಸು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಮನೆಯಲ್ಲಿ ಅವನು, ಎಂಬತ್ತು ದಾಟಿದ ಅವನ ತಾಯಿ, ಒಂದು ಜೊತೆ ಬಿಳಿ ಎತ್ತು. ಗೋಡೆ ಕಟ್ಟಿ ಕಟ್ಟಿ ನಿಲ್ಲಿಸಿದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ. ನಮ್ಮ ಸೀಮೆಯ ಮದಲೂರಿನ ಕಡೆ ಇಷ್ಟು ನೆಲ ಇದ್ದವನನ್ನು ರೈತ ಅಂತಲೂ ಕರೆಯುವುದಿಲ್ಲ, ಹಿತ್ತಲು ಇದ್ದವನು ಅನ್ನುತ್ತಾರೆ. ರೋಗ ಬಾರದಿರಲಿ ಅಂತ ಬಳ್ಳಿಗೆ ಮೈಲುತುತ್ತದ ನೀರು ಹೊಡೆದು ಹೊಡೆದು ಅವನ ಮನೆಯ ಗೋಡೆ, ಅಂಗಿ, ಉಗುರು ಎಲ್ಲ ನೀಲಿಯಾಗಿತ್ತು. ಪೀಪಾಯಿ ತೊಳೆಯಲು ಅದರ ಮುಂದಿನ ಸಣ್ಣ ಬಾಗಿಲಲ್ಲಿ ಭುಜ ತಿರುಚಿ ಒಳಗೆ ನುಸುಳುತ್ತಿದ್ದ, ಒಳಗಿಂದಲೇ ತಾಯಿಯ ಜೊತೆ ಜಗಳ ಆಡುತ್ತಿದ್ದ. ತೊಳೆದ ಪೀಪಾಯಿಯನ್ನು ಬೆರಳಿನಲ್ಲಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಮಾವ ತಾವೂ ಹೋಗಿ ಬಡಿದು ನೋಡಿದರು.

"ತೆಂಗಿನಕಾಯಿ ಆರಿಸ್ದಂಗೆ ಆರಿಸ್ತವ್ನೆ ಕಣ್ಲಾ. ವ್ಯಾಪಾರಸ್ಥ ಇವನು," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲ ದಿನ ಮಧ್ಯಾಹ್ನ ಅಜ್ಜಿ ಒಲೆಯ ಮೇಲೆ ದೊಡ್ಡ ತಾಮ್ರದ ಪಾತ್ರೆ ಇಟ್ಟು, ಮುಸುಕಿನ ಜೋಳದ ಹಿಟ್ಟು ಹೊಯ್ದು, ಕೋಲು ಹಾಕಿ ತೊಳಸಿದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಮುದ್ದೆ! ಹಲಗೆಯ ಮೇಲೆ ಸುರಿದಳು, ಹಳದಿ ಬಣ್ಣ, ಹೊಗೆ ಆಡುತ್ತಿದೆ. ದಾರ ಹಿಡಿದು ತುಂಡು ಮಾಡಿದಳು.

"ನಮ್ಮ ಮುದ್ದೆನೇ ಕಣ್ಲಾ, ಪಾಪ, ಕಾಮಾಲೆ ಬಂದೈತೆ," ಅಂದರು ಮಾವ. ಆಮೇಲೆ ಅಜ್ಜಿ ಅದನ್ನು ಅಗಿದು ತಿನ್ನುವುದನ್ನು ಕಂಡು ಅವರಿಗೆ ಸಂಕಟವಾಯಿತು. ತಾವು ಒಂದು ತುತ್ತು ಮುರಿದು, ಉರುಟು ಮಾಡಿ, ಚಟ್ನಿಪುಡಿಗೆ ಅದ್ದಿ, ಗುಳುಕ್ ಅಂತ ನುಂಗಿ ತೋರಿಸಿದರು. ಅಜ್ಜಿ ಹೆದರಿ ಅವರ ಬೆನ್ನಿಗೆ ಗುದ್ದಿದಳು, ಗಂಟಲಿಗೆ ಸಿಕ್ಕಿಕೊಂಡಿತು ಅಂತ.

ಪಾದ್ರಿಗಳ ಕನ್ನಡ

ಎರಡನೆಯ ದಿನ ಅಂಗಳದಲ್ಲಿ ಕೂತಿದ್ದೆವು. ಕರಿ ನಿಲುವಂಗಿಯ ಮುದಿ ಪಾದ್ರಿಯೊಬ್ಬರು ಏರು ಹತ್ತಿಕೊಂಡು ಬಂದು, ನಮ್ಮ ಪಂಚೆ ನೋಡಿ, ನಿಂತಲ್ಲೇ ನಿಂತರು. ಅವರ ಬಾಯಿಂದ ಬಂದ ಮಾತು ಕೇಳಿ ನನ್ನ ಕಿವಿ ನಾನೇ ನಂಬಲಿಲ್ಲ.

"ಎಂತ ಮಾರಾಯ್ರೇ! ನೀವು ಕನ್ನಡದವರು ಅಲ್ವಾ? ಯಾವ ಊರಾಯ್ತು?"

ಮಾವ ನನ್ನ ಕಡೆ ತಿರುಗಿ, "ಏನ್ಲಾ ನಂಜಾ, ಇದೇನಾ ನೀನು ಕಲಿತ ಇಂಗ್ಲಿಷು?" ಅಂದರು.

ಪಾದ್ರಿಗಳು ತಮ್ಮ ಯೌವನವನ್ನೆಲ್ಲ ಮಂಗಳೂರಿನಲ್ಲಿ ಕಳೆದು, ಮುಪ್ಪಿನಲ್ಲಿ ಊರಿಗೆ ಮರಳಿದವರು. ಕನ್ನಡದಲ್ಲಿ ಮಾತಾಡಲು ಜನ ಸಿಗದೆ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದರು. ಅವತ್ತು ಕಟ್ಟೆ ಒಡೆಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹೌದು ಅನ್ನುವಾಗ ತಲೆಯನ್ನು ನಮ್ಮ ಹಾಗೇ ಅಡ್ಡಡ್ಡ ಆಡಿಸಿದರು. ಮಾವನ ಚಟ್ನಿಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡರು. ಅದು ಖಾರಕ್ಕೋ ನೆನಪಿಗೋ ಗೊತ್ತಾಗಲಿಲ್ಲ. ಇಗರ್ಜಿಯ ಒಳಗೆ ಹೋಗುವಾಗ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ ಅಂತ ಊರವರು ನಗುತ್ತಾರಂತೆ. ತಾನು ಬಿಡುತ್ತೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲವಂತೆ.

ಪೇತ್ರಪ್ಪನ ಮನೆಯ ಕಷ್ಟ ನಮಗೆ ತಿಳಿದದ್ದು ಅವರಿಂದಲೇ. ಇಗರ್ಜಿಯ ಪೂಜೆಗೆ ದ್ರಾಕ್ಷಾರಸ ಬೇಕು, ಅಪ್ಪಟ ಹಣ್ಣಿನದೇ ಆಗಬೇಕು. ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಪಾದ್ರಿಗಳು ಮನೆಮನೆಯ ತೊಟ್ಟಿಯ ರಸ ರುಚಿ ನೋಡಿ, ಒಂದು ಮನೆಯ ಪೀಪಾಯಿಯನ್ನು ದೇವರಿಗೆ ಅಂತ ಗೊತ್ತು ಮಾಡುತ್ತಾರೆ. ಯಾರ ಮನೆಯದು ಆಯಿತೋ ಆ ಮನೆಯ ಹಿರಿಯ ಹೆಂಗಸು ವರ್ಷವೆಲ್ಲ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆ ಬೆಂಚು ಅಜ್ಜಿಯದೇ ಆಗಿತ್ತು, ಅವಳ ಅತ್ತೆಯದೂ ಆಗಿತ್ತು. ಆದರೆ ಎರಡು ವರ್ಷ ಆಲಿಕಲ್ಲು ಬಿದ್ದು ಪೇತ್ರಪ್ಪನ ಬೆಳೆ ಹಾಳಾಯಿತು. ಬೆಂಚು ಅವನ ತಂಗಿಯ ಗಂಡ ಕಾರ್ಲೊನ ಮನೆಗೆ ಹೋಯಿತು. ಅಂದರೆ ಅದರ ಮೇಲೆ ಕೂತವಳು ಕಾರ್ಲೊನ ತಾಯಿ, ಅಜ್ಜಿಯ ಸ್ವಂತ ಬೀಗಿತಿ.

"ಬೀಗ್ತಿ ಬೆನ್ನು ನೋಡ್ಕಂಡು ದೇವ್ರಿಗೆ ಕೈ ಮುಗಿಯೋದು ಅಂದ್ರೆ ಸಾಮಾನ್ಯಾನಾ ಸ್ವಾಮಿ?" ಅಂದರು ಮಾವ. ಇಡೀ ಇಟಲಿಯಲ್ಲಿ ಅವರಿಗೆ ಪೂರ್ತಿ ಅರ್ಥವಾದ ವಿಷಯ ಇದೊಂದೇ.

"ಅದೇ ಮಂಡೆಬಿಸಿ ನೋಡಿ," ಅಂದರು ಪಾದ್ರಿಗಳು. "ಅಜ್ಜಿ ಇಗರ್ಜಿಗೆ ಬರುವುದೇ ಬಿಟ್ಟಿದ್ದಾಳೆ. ಬೆಂಚು ವಾಪಸು ಬರದೆ ಸತ್ತರೆ ನನ್ನ ಹೆಣವನ್ನೂ ಒಳಗೆ ತರಬೇಡಿ ಅಂತ ಹೇಳಿದ್ದಾಳೆ. ಈ ಪಿಯೆತ್ರೊ ನನ್ನ ಹತ್ರ ಬಂದು ಮಕ್ಕಳ ಹಾಗೆ ಅಳ್ತಾನೆ. ಎಂತ ಮಾಡೂದು ಹೇಳಿ?"

ಪೇತ್ರಪ್ಪನಿಗೆ ನಮ್ಮ ಮಾತು ತಿಳಿಯದಿದ್ದರೂ ವಿಷಯ ಯಾವುದು ಅಂತ ತಿಳಿಯಿತು. ನೀಲಿ ಉಗುರಿನ ಕೈಯಲ್ಲಿ ಮುಖ ಉಜ್ಜಿಕೊಂಡು ಎತ್ತುಗಳ ಕಡೆ ಹೋದ. ನನಗೆ ನಗು ಬಂದಿತ್ತು, ಅದು ಅರ್ಧಕ್ಕೇ ನಿಂತಿತು. ತಾಯಿಯ ಹಟಕ್ಕೆ ಬೆಲೆ ತೆರುವ ಮಕ್ಕಳು ಎಲ್ಲ ದೇಶದಲ್ಲೂ ಇದ್ದಾರೆ.

ತೊಟ್ಟಿಯೊಳಗೆ

ಈ ವರ್ಷ ಬೆಳೆ ಚೆನ್ನಾಗಿತ್ತು. ಹಣ್ಣು ಕೊಯ್ದು ಎತ್ತಿನ ಗಾಡಿಯಲ್ಲಿ ತಂದು ಅಂಗಳದ ದೊಡ್ಡ ಮರದ ತೊಟ್ಟಿಗೆ ಸುರಿದೆವು. ಆ ಹೊತ್ತಿಗೆ ಬೆಟ್ಟದ ಹಿಂದೆ ಮೋಡ ಕಟ್ಟಿತು. ಆಲಿಕಲ್ಲು ಓಡಿಸಲು ಇಗರ್ಜಿಯ ಗಂಟೆ ಬಾರಿಸಲು ಶುರು ಮಾಡಿದರು. ಮೋಡ ಹೆದರಿ ಹೋಗುತ್ತದಂತೆ. ಮಳೆಗಾಗಿ ಆಕಾಶ ನೋಡಿ ನೋಡಿ ಕುತ್ತಿಗೆ ನೋವು ಬರಿಸಿಕೊಂಡ ಸೀಮೆಯವರು ನಾವು. ಮಾವನಿಗೆ ತಡೆಯಲಾಗಲಿಲ್ಲ.

"ಆ ಗಂಟೆನ ವಸಿ ಈ ಕಡೆ ತಿರುಗಿಸಿ ಬಾರ್ಸಾಕೇಳ್ಲಾ, ಮೋಡ ಹೋಗಿ ಮದಲೂರು ಕೆರೆ ಮ್ಯಾಲೆ ಬೀಳ್ಳಿ," ಅಂದರು.

ಮಳೆಗೆ ಮುಂಚೆ ಹಣ್ಣು ತುಳಿದು ಮುಗಿಸಬೇಕು. ಬಯಲಿನ ತೊಟ್ಟಿಗೆ ಮಳೆ ನೀರು ಬಿದ್ದರೆ ರಸ ಕೆಟ್ಟಂತೆ, ಇಗರ್ಜಿಗೆ ನಡೆಯುವುದಿಲ್ಲ. ಮೊದಲೆಲ್ಲ ತಂಗಿಯ ಮನೆಯವರು ತುಳಿಯಲು ಬರುತ್ತಿದ್ದರು, ಬೆಂಚಿನ ವಿಚಾರಕ್ಕೆ ಜಗಳವಾದ ಮೇಲೆ ಅದೂ ಇಲ್ಲ. ಪೇತ್ರಪ್ಪ ಕಾಲು ತೊಳೆದು, ಷರಾಯಿ ಮಡಚಿ ತೊಟ್ಟಿಗೆ ಇಳಿದ, ನಮ್ಮನ್ನೂ ಬನ್ನಿ ಅಂತ ಕರೆದ.

ಮಾವ ಕಲ್ಲಾಗಿ ನಿಂತರು. "ಕಾಲಲ್ಲಿ ತುಳ್ದು ದೇವ್ರಿಗೆ ಇಡ್ತಾರೇನ್ಲಾ? ತಿನ್ನೋ ಪದಾರ್ಥ! ಶಿವಶಿವಾ!"

"ನಮ್ಮ ಮಂಡೀಲಿ ಹುಣ್ಸೆಹಣ್ಣು ಕುಕ್ಕೆಗೆ ತುಂಬೋವಾಗ ಆಳುಗಳು ಕಾಲಲ್ಲೇ ಅಲ್ವಾ ತುಳಿಯೋದು ಮಾವ?" ಅಂದೆ.

"ಅದು ಬ್ಯಾರೆ. ಅದು ದೇವ್ರ ಮುಂದೆ ಹೋಗೋ ಹೊತ್ಗೆ ಪುಳಿಯೋಗರೆ ಆಗಿರ್ತದೆ," ಅಂದರು.

ಆದರೂ ಉಂಡ ಮನೆ, ಮೋಡ ಬೇರೆ ಇಳಿಯುತ್ತಿದೆ. ಪೇತ್ರಪ್ಪ ಒಬ್ಬನೇ ಏದುಸಿರು ಬಿಡುತ್ತ ತುಳಿಯುವುದನ್ನು ನೋಡಿ ಮಾವನ ಕರುಳು ಚುರ್ ಅಂದಿತು. ಪಂಚೆ ಎತ್ತಿ ಕಟ್ಟಿ, ಕಾಲು ತೊಳೆದು ಇಳಿದೇಬಿಟ್ಟರು. ಹಿಂದೆ ನಾನು. ಕಾಲ ಕೆಳಗೆ ದ್ರಾಕ್ಷಿ ಪಚಕ್ ಅಂತ ಒಡೆದು ಬೆರಳ ಸಂದಿಯಲ್ಲಿ ಏರುವುದು ವಿಚಿತ್ರ ಕಚಗುಳಿ, ಕೆಸರುಗದ್ದೆಯ ಹಾಗೇ, ಆದರೆ ನೊಣ ಜಾಸ್ತಿ.

ಮಾವ ಒಂದು ಹೆಜ್ಜೆ ಇಟ್ಟರು. ಬಗ್ಗಿದರು. ಬಲಗೈಯಲ್ಲಿ ಹಣ್ಣು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡು, "ಶಿವಾ, ತಪ್ಪಾಯ್ತು," ಅಂದರು. ಇನ್ನೊಂದು ಹೆಜ್ಜೆ. ಮತ್ತೆ ಬಗ್ಗಿದರು. ನಮ್ಮಲ್ಲಿ ಪುಸ್ತಕಕ್ಕೆ, ದವಸಕ್ಕೆ, ಯಾರ ಮೈಗಾದರೂ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಇದ್ದದ್ದೇ. ಆದರೆ ಅದು ಅಪ್ಪಿತಪ್ಪಿ ತಗುಲಿದಾಗ. ತೊಟ್ಟಿಯ ತುಂಬ ಬೇಕಂತಲೇ ತುಳಿಯುವಾಗ ಏನು ಮಾಡಬೇಕು ಅಂತ ಹಿರಿಯರು ಯಾರೂ ಹೇಳಿರಲಿಲ್ಲ. ಮಾವ ಹೆಜ್ಜೆಗೊಂದರ ಹಾಗೆ ಚಿಲ್ಲರೆ ಲೆಕ್ಕದಲ್ಲಿ ಹೊರಟರು. ರೆಪ್ಪೆ, ಮೂಗು, ವಿಭೂತಿ ಎಲ್ಲ ನೇರಳೆಯಾಯಿತು.

ಅಂಗಳದ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದಳು. ಇದೇನು ಅಂತ ಕೈಯಾಡಿಸಿ ಕೇಳಿದಳು. ಮಾವ ತೊಟ್ಟಿಯಿಂದ ಇಳಿದು, ಅವಳ ಪಾದದ ಮೇಲೆ ಹಗುರವಾಗಿ ತಮ್ಮ ಕಾಲು ಇಟ್ಟರು, ಕೂಡಲೇ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ನೋಯಬಾರದು, ತಪ್ಪಾಯಿತು ಅಂತ ಎದೆ ಮುಟ್ಟಿ ತೋರಿಸಿದರು. ಅಜ್ಜಿಯ ಮುಖ ಅರಳಿತು. ತನಗೆ ಸರಿಯಾಗಿ ಅರ್ಥವಾಯಿತೋ ಅಂತ ನೋಡಲು ಮಗನನ್ನು ಕೆಳಗೆ ಕರೆದಳು, ಅವನ ಕಾಲನ್ನು ಬಲವಾಗಿ ತುಳಿದಳು, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಬಹಳ ಖುಷಿಪಟ್ಟಳು. ಪೇತ್ರಪ್ಪ ಕುಂಟುತ್ತ ತೊಟ್ಟಿ ಹತ್ತಿದ. ದೇವರಿಗೆ ಹೋಗುವ ಹಣ್ಣನ್ನು ಹೀಗೇ ತುಳಿಯಬೇಕು ಅಂತ ಅಜ್ಜಿ ಕೋಲು ಕುಟ್ಟಿ ಆಜ್ಞೆ ಮಾಡಿದಳು.

ಹೀಗಾಗಿ ಮೂವರು ಗಂಡಸರು ತೊಟ್ಟಿಯಲ್ಲಿ ಹೆಜ್ಜೆಗೊಂದು ಸಲ ಬಗ್ಗಿ ಏಳತೊಡಗಿದೆವು. ಒಬ್ಬನು ಬಗ್ಗಿದಾಗ ಇನ್ನೊಬ್ಬನ ತಲೆಗೆ ಡಿಕ್ಕಿ. ಗುಡುಗು ಹತ್ತಿರವಾಯಿತು. ಪೇತ್ರಪ್ಪ ಒಮ್ಮೆ ಆಕಾಶ ನೋಡುತ್ತಾನೆ, ಒಮ್ಮೆ ತಾಯಿಯ ಕೋಲು ನೋಡುತ್ತಾನೆ, ಮತ್ತೆ ಬಗ್ಗುತ್ತಾನೆ. ಅವನ ಅವಸ್ಥೆ ನೋಡಿ ಕೊನೆಗೆ ಮಾವನೇ ಒಂದು ದಾರಿ ಕಂಡುಹಿಡಿದರು.

"ಚಿಲ್ರೆ ವ್ಯಾಪಾರ ಸಾಕು ಕಣ್ಲಾ. ಎಲ್ಲ ತುಳ್ದುಬುಟ್ಟು ಕೊನೀಗೆ ಒಂದೇ ಸಲ ಉದ್ದಂಡ ಬೀಳಾನ. ಸಗಟು."

ಸಗಟಿನ ಲೆಕ್ಕದಲ್ಲಿ ಕೆಲಸ ಓಡಿತು. ತುಳಿದು ಮುಗಿಸಿ, ಮೂವರೂ ತೊಟ್ಟಿಯ ಅಂಚು ಹಿಡಿದು ಹಣೆ ರಸಕ್ಕೆ ತಾಗುವಷ್ಟು ಬಗ್ಗಿದೆವು. ತಲೆ ಎತ್ತಿದಾಗ ಪಕ್ಕದ ಗೋಡೆಯ ಮೇಲೆ ಒಂದು ಟೋಪಿ, ಅದರ ಕೆಳಗೆ ಎರಡು ಕಣ್ಣು ಕಂಡವು. ಕಾರ್ಲೊ! ನಾವು ನೋಡುತ್ತಿದ್ದ ಹಾಗೇ ಟೋಪಿ ಇಳಿದು ಇಗರ್ಜಿಯ ಕಡೆ ಓಡಿತು. ತೊಟ್ಟಿಗೆ ತಾಡಪಾಲು ಮುಚ್ಚಿದ ಮೇಲೆ ನಾಲ್ಕು ಹನಿ ಬಿತ್ತು. ಅಷ್ಟೇ ಮಳೆ.

ಅಂಗಳದ ಪಂಚಾಯಿತಿ

ಸ್ವಲ್ಪ ಹೊತ್ತಿಗೆ ಪಾದ್ರಿಗಳು ಬಂದರು. ಅವರ ಹಿಂದೆ ಕಾರ್ಲೊ, ಅವನ ಹಿಂದೆ ಕಪ್ಪು ಶಾಲು ಹೊದ್ದ ಬೀಗಿತಿ, ಅವಳ ಹಿಂದೆ ಕೊಯ್ಲು ಬಿಟ್ಟು ಬಂದ ಇಡೀ ಊರು. ಕಾರ್ಲೊ ಕೈ ಬೀಸಿ ಬೀಸಿ ಮಾತಾಡಿದ. ಪಾದ್ರಿಗಳು ಬೆವರು ಒರೆಸಿಕೊಂಡರು.

"ರುದ್ರಪ್ಪನವರೇ, ಇವ ಹೇಳುದು ಎಂತ ಅಂದ್ರೆ, ನೀವು ಈ ಹಣ್ಣಿಗೆ ನಿಮ್ಮ ದೇವರ ಪೂಜೆ ಮಾಡಿದ್ರಿ ಅಂತ. ಬೇರೆ ದೇವರಿಗೆ ಮುಡಿಪಾದ ರಸ ನಮ್ಮ ಪೂಜೆಗೆ ಆಗ್ಲಿಕ್ಕಿಲ್ಲ. ಮೇಲಿನ ದೊಡ್ಡ ಗುರುಗಳಿಗೆ ದೂರು ಕೊಡ್ತಾನಂತೆ. ನೀವು ಪೂಜೆ ಮಾಡಿದ್ದು ಹೌದಾ?"

"ಪೂಜೆ ಎಲ್ಲಿ ಬಂತು ಸ್ವಾಮಿ? ಕಾಲು ತಗುಲ್ತು, ತಪ್ಪಾಯ್ತು ಅಂದೆ."

"ದೇವರ ಹೆಸರು ಹೇಳಿದ್ದುಂಟಾ?"

ನಾನು ಹಿಂದಿನಿಂದ ಪಂಚೆ ಎಳೆದೆ. ಇಲ್ಲ ಅನ್ನಿ ಅಂತ ಕಣ್ಣು ಮಿಟುಕಿಸಿದೆ. ಆಳುಗಳ ಮುಂದೆ ದಿನಕ್ಕೆ ನೂರು ಸುಳ್ಳು ಹೇಳುವ ಮಾವ ಅವತ್ತೇ ಸತ್ಯವಂತರಾದರು.

"ಹೇಳ್ದೆ ಇರಾಕಾಯ್ತದಾ ಬುದ್ಧಿ? ಕಾಲು ಜಾರಿದ್ರೂ ಶಿವಾ ಅಂತೀವಿ, ಆಕಳಿಸಿದ್ರೂ ಶಿವಾ ಅಂತೀವಿ. ಇಷ್ಟು ಹಣ್ಣು ತುಳ್ದು ಸುಮ್ಕಿರಾಕಾಯ್ತದಾ?"

ಪಾದ್ರಿಗಳು ತಲೆ ಹಿಡಿದುಕೊಂಡರು. ಆ ಮಾತನ್ನು ಅವರು ಊರವರ ಭಾಷೆಗೆ ತಿರುಗಿಸಿ ಹೇಳಬೇಕಾದ ಅಗತ್ಯವೇ ಬರಲಿಲ್ಲ. ಕಾರ್ಲೊ ಮಾವನ ನೇರಳೆ ರೆಪ್ಪೆಯ ಕಡೆ ಬೆರಳು ತೋರಿಸಿದ. ಬೀಗಿತಿ ಶಾಲು ಸರಿಮಾಡಿಕೊಂಡಳು, ಆಗಲೇ ಮುಂದಿನ ಬೆಂಚಿನಲ್ಲಿ ಕೂತವಳ ಹಾಗೆ.

ಪೇತ್ರಪ್ಪ ತೊಟ್ಟಿಯ ಅಂಚಿಗೆ ಒರಗಿ ನಿಂತು ತಾಯಿಯನ್ನೇ ನೋಡುತ್ತಿದ್ದ. ಅಜ್ಜಿ ಕೋಲಿನ ಮೇಲೆ ಗದ್ದ ಊರಿ ನೆಲ ನೋಡುತ್ತಿದ್ದಳು. ಅನ್ನ ಹಾಕಿದ ಮನೆಯ ಮಾನವನ್ನು ನಾವೇ ತುಳಿದ ಹಾಗಾಯಿತಲ್ಲ! ಮಾವನಿಗೂ ಆಗ ಅದು ತಿಳಿಯಿತು.

"ನನ್ನಿಂದ ತಪ್ಪಾಗಿದ್ರೆ ನನ್ನ ಬೈರಿ ಸ್ವಾಮಿ, ಆ ಮುದುಕಿ ಏನು ಮಾಡ್ತು?" ಅಂದರು.

"ನನಗೆ ಗೊತ್ತುಂಟು ಮಾರಾಯ್ರೇ," ಅಂದರು ಪಾದ್ರಿಗಳು ಬೇಸರದಲ್ಲಿ. "ಆದರೆ ಇಷ್ಟು ಜನರ ಎದುರು ನಾನೆಂತ ಮಾಡ್ಲಿ? ಈ ವರ್ಷವೂ ಕಾರ್ಲೊನದ್ದೇ ಅಂತ ಹೇಳ್ಬೇಕಾಗ್ತದೆ."

ಅದನ್ನೇ ಊರವರಿಗೆ ಅವರ ಭಾಷೆಯಲ್ಲಿ ಹೇಳಲು ಅವರು ತಿರುಗಿದರು. ತೊಟ್ಟಿಯ ಪಕ್ಕದಲ್ಲಿ ಗಾಡಿಯಿಂದ ಉದುರಿದ ಒಂದು ಗೊಂಚಲು ಬಿದ್ದಿತ್ತು. ಪಾದ್ರಿಗಳ ಕಾಲು ಸರಿಯಾಗಿ ಅದರ ಮೇಲೆ ಬಿತ್ತು. ಪಚಕ್!

ಅವರು ನಿಂತರು. ಬಗ್ಗಿದರು. ಬಲಗೈಯಲ್ಲಿ ಆ ಗೊಂಚಲನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡರು.

ಎದ್ದು ನಿಂತು ಮಾತು ಶುರುಮಾಡಲು ಬಾಯಿ ತೆರೆದ ಮೇಲೆಯೇ ಅವರಿಗೆ ತಾವು ಮಾಡಿದ್ದು ಗೊತ್ತಾದದ್ದು. ಎತ್ತು ಸಹ ಮೆಲುಕು ಹಾಕುವುದು ನಿಲ್ಲಿಸಿತ್ತು ಅಂತ ಮಾವ ಈಗಲೂ ಹೇಳುತ್ತಾರೆ. ಪಾದ್ರಿಗಳ ರೆಪ್ಪೆಯಿಂದ ನೇರಳೆ ರಸ ಮೂಗಿನ ಪಕ್ಕದಲ್ಲಿ ಇಳಿದು, ಮೀಸೆ ದಾಟಿ, ತೆರೆದ ಬಾಯಿಗೆ ಬಿತ್ತು. ಅವರು ಚಪ್ಪರಿಸಿದರು.

"ಒಳ್ಳೆ ಸಿಹಿ ಉಂಟು," ಅಂದರು ಕನ್ನಡದಲ್ಲಿ, ಯಾರಿಗೂ ಅಲ್ಲದೆ.

ಮೊದಲು ನಕ್ಕವಳು ಅಜ್ಜಿ. ಹಲ್ಲಿಲ್ಲದ ಬಾಯಿ ತೆರೆದು, ಕೋಲು ಕುಟ್ಟಿ, ಕಾರ್ಲೊನ ಕಡೆ ನೋಡಿ ಏನೋ ಅಂದಳು. "ಈಗ ಕೊಡು ದೂರು, ಪಾದ್ರಿಗಳ ಮೇಲೂ ಕೊಡು ಅಂತ ಹೇಳ್ತಾಳೆ," ಅಂತ ಪಾದ್ರಿಗಳೇ ನಮಗೆ ತಿಳಿಸಿದರು. ಊರಿಗೆ ಊರೇ ನಗಲು ಶುರುವಾಯಿತು. ಕಾರ್ಲೊ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಕಡೆಗೆ ಅವನೂ ನಕ್ಕ, ಬೇರೆ ಏನು ಮಾಡುತ್ತಾನೆ ಪಾಪ.

ಪಾದ್ರಿಗಳು ಕೆಂಪಗಾಗಿ, ಆದರೆ ಗಟ್ಟಿ ದನಿಯಲ್ಲಿ, ಊರವರಿಗೆ ಒಂದೆರಡು ಮಾತು ಹೇಳಿದರು. ಆಮೇಲೆ ನಮಗೆ ಅದರ ಅರ್ಥ ಹೇಳಿದರು. "ಇದು ಪೂಜೆ ಅಲ್ಲ, ಮರ್ಯಾದೆ ಅಂದೆ. ಮಂಗಳೂರಿನಲ್ಲಿ ನಮ್ಮ ಇಗರ್ಜಿಗೆ ಬರುವ ಮಕ್ಕಳೂ ಮಾಡ್ತಾರೆ ಅಂದೆ. ಈ ವರ್ಷ ದೇವರಿಗೆ ಪಿಯೆತ್ರೊನ ಪೀಪಾಯಿಯೇ ಅಂದೆ. ಬೆಳಿಗ್ಗೆ ಕಾರ್ಲೊನ ರಸ ಕುಡಿದು ಬಂದಿದ್ದೇನೆ, ಹುಳಿ ಉಂಟು ಅಂತಲೂ ಅಂದೆ." ಹುಳಿ ಎಂದ ಕೂಡಲೇ ಮಾವ ಅಭಿಮಾನದಿಂದ ಕತ್ತೆತ್ತಿದರು. ಹುಳಿಗೆ ಅವಮಾನವಾದರೆ ಅವರಿಗೆ ತಡೆಯುವುದಿಲ್ಲ.

ಪೇತ್ರಪ್ಪ ಓಡಿ ಬಂದು ಮಾವನನ್ನು ಅಪ್ಪಿ ಎರಡು ಕೆನ್ನೆಗೂ ಮುತ್ತು ಕೊಟ್ಟ. ಮಾವ ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಕೊಸರಾಡಿ, "ಬುಡಪ್ಪೋ, ಬುಡು, ಹೆಂಗುಸ್ರವ್ರೆ!" ಅಂತ ಕೂಗಿಕೊಂಡರು. ನಾನು ಕಣ್ಣಿಗೆ ರಸ ಸಿಡಿಯಿತು ಅನ್ನುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಅವತ್ತು ಪೇತ್ರಪ್ಪ ತೊಟ್ಟಿಯಿಂದ ಒಂದು ಚೊಂಬು ರಸ ಎತ್ತಿ ಕೊಟ್ಟ, ಇಬ್ಬರೂ ಕುಡಿದೆವು. ಆಗ ತಾನೇ ಹಿಂಡಿದ ರಸಕ್ಕೆ ಅಮಲು ಇರುವುದಿಲ್ಲ, ಕಬ್ಬಿನ ಹಾಲಿದ್ದ ಹಾಗೆ. ಅಂಗಡಿ ಹಲಗೆಯ ಮೇಲೆ ಬಗ್ಗಿ ಕೇಳುವವರಿಗೆ ನನ್ನ ಉತ್ತರ ಇದೇ.

ಮುಂದಿನ ಬೆಂಚು

ಕೊಯ್ಲು ಮುಗಿಯಿತು. ಪಾನಕದ ಯಜಮಾನರು ಜಿನೋವಾಕ್ಕೆ ಮರಳಿದರು ಅಂತ ಗುಮಾಸ್ತ ಹೇಳಿಕಳಿಸಿದ. ಆದರೆ ಮಾವ ಹೊರಡಲಿಲ್ಲ. ಭಾನುವಾರ ಆಗಲಿ ಅಂದರು. ಸಾವಿರಾರು ಮೈಲಿ ಬಂದದ್ದು ಹುಣಸೆಹಣ್ಣು ಮಾರಲು ಅನ್ನುವುದನ್ನೇ ಮರೆತಿದ್ದರು. "ಯಾವಾರ ಎಲ್ಲೋಯ್ತದೆ? ಮುದುಕಿ ಬೆಂಚ್ನಾಗೆ ಕೂರೋದು ನೋಡ್ದೆ ಹೋದ್ರೆ ಊರಿಗೋಗಿ ಏನಂತ ಹೇಳಾನ?" ಅಂದರು. ಅವರನ್ನು ಹುಟ್ಟಿದಾಗಿನಿಂದ ಬಲ್ಲೆ, ವ್ಯಾಪಾರ ಬಿಟ್ಟು ಇನ್ನೊಬ್ಬರ ಸಂತೋಷ ಕಾಯುತ್ತ ಕೂತದ್ದನ್ನು ನಾನು ನೋಡಿದ್ದು ಅಲ್ಲಿಯೇ.

ಭಾನುವಾರ ನಾವಿಬ್ಬರು ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಪಾದ್ರಿಗಳ ಚಪ್ಪಲಿಯ ಪಕ್ಕದಲ್ಲೇ ಬಿಟ್ಟು, ಇಗರ್ಜಿಯ ಹಿಂದಿನ ಗೋಡೆಗೆ ಒರಗಿ ನಿಂತೆವು. ಊರೆಲ್ಲ ಕೂತಿತ್ತು. ಮುಂದಿನ ಬೆಂಚು ಖಾಲಿ. ಬೀಗಿತಿ ಎರಡನೆಯ ಬೆಂಚಿನ ಅಂಚಿಗೆ ಸರಿದು, ದಾರಿಗೆ ಅರ್ಧ ಕಾಲು ಚಾಚಿ ಕೂತಿದ್ದಳು.

ಅಜ್ಜಿ ಮಗನ ತೋಳು ಹಿಡಿದು ಒಳಗೆ ಬಂದಳು. ಕರಿ ಸೀರೆಯಂತಹ ಉದ್ದ ಲಂಗ, ತಲೆಗೆ ಕಸೂತಿ ಬಟ್ಟೆ. ಎರಡು ವರ್ಷದ ಮೇಲೆ ಬರುತ್ತಿದ್ದಾಳೆ, ಹೆಜ್ಜೆಗೆ ಅವಸರವಿಲ್ಲ. ಪೇತ್ರಪ್ಪ ಉಗುರು ಉಜ್ಜಿ ಉಜ್ಜಿ ತೊಳೆದು ಬಂದಿದ್ದ, ಆದರೂ ನೀಲಿ ಹೋಗಿರಲಿಲ್ಲ. ಅವನು ಅಳುತ್ತಿದ್ದ, ಮುಚ್ಚಿಕೊಳ್ಳಲೂ ಇಲ್ಲ. ಪಾದ್ರಿಗಳು ಮೇಲಿನಿಂದ ನೋಡಿ ತಲೆಯನ್ನು ಅಡ್ಡಡ್ಡ ಆಡಿಸಿದರು.

ಅಜ್ಜಿ ಎರಡನೆಯ ಬೆಂಚಿನ ಪಕ್ಕಕ್ಕೆ ಬಂದಾಗ ಮಗನ ತೋಳು ಬಿಟ್ಟಳು. ಕೋಲು ಆ ಕಡೆ ಊರಿದಳು. ಬಲಗಾಲನ್ನು ನಿಧಾನವಾಗಿ ಎತ್ತಿ, ಜಾಗ ನೋಡಿಕೊಂಡು, ಬೀಗಿತಿಯ ಪಾದದ ಮೇಲೆ ತನ್ನ ಪೂರ್ತಿ ಭಾರ ಹಾಕಿ ಇಟ್ಟಳು. ಬೀಗಿತಿ ಕಿರುಚಿದ್ದು ಕೋಟೆಯ ತನಕ ಕೇಳಿರಬೇಕು. ಅಜ್ಜಿ ಕೂಡಲೇ ಬಗ್ಗಿದಳು. ಆ ಪಾದವನ್ನು ಬಹಳ ಭಕ್ತಿಯಿಂದ ಮುಟ್ಟಿ, ಎರಡು ಕಣ್ಣಿಗೂ ಒತ್ತಿಕೊಂಡು, ಎದೆಯ ಮೇಲೆ ಕೈಯಿಟ್ಟು, ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು.

ಮಾವ ನನ್ನ ಕಿವಿಯಲ್ಲಿ ಅಂದರು: "ನೋಡ್ಲಾ, ಮುದುಕಿ ಸಗಟಿನಲ್ಲಿ ತೀರಿಸ್ಬುಡ್ತು."